ಕುರ್ಚಿಯಲ್ಲಿ ಕುಳಿತ ಟೆಸ್ಲಾ ಮತ್ತು ಉರಿದ ಮೂರು ದೀಪಗಳು

ಹೈ ವೋಲ್ಟೇಜ್ ಪರೀಕ್ಷೆ ನಡೆಸುವ ನಮ್ಮಂಥವರ ಬಳಿ ಕಲಿಯಲು ಬರುವವರಲ್ಲಿ ಹೆಚ್ಚಿನವರು ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಅವರ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ: ತಲೆಯ ಮೇಲೆ ಉದ್ದುದ್ದನೆಯ ಕಿಡಿಗಳು ಹರಿದಾಡುತ್ತಿದ್ದರೂ ಅವರು ಕುರ್ಚಿಯಲ್ಲಿ ನಿಶ್ಚಿಂತೆಯಿಂದ ಕುಳಿತಿದ್ದಾರೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನ ಪ್ರಯೋಗಾಲಯದಲ್ಲಿ ತೆಗೆದು, 1900ರ ಜೂನ್‌ನ ಸೆಂಚುರಿ ಪತ್ರಿಕೆಯಲ್ಲಿ ಅಚ್ಚಾದ ಈ ಚಿತ್ರ ಒಂದೇ ಛಾಯಾಗ್ರಹಣ ಫಲಕದ ಮೇಲೆ ಎರಡು ಸಲ ಬೆಳಕು ಬಿಟ್ಟು ಪಡೆದದ್ದು. ಮೊದಲು ಕತ್ತಲಲ್ಲಿ ಕಿಡಿಗಳನ್ನು ಸೆರೆಹಿಡಿದು, ಯಂತ್ರ ನಿಲ್ಲಿಸಿದ ಮೇಲೆ ಅವರನ್ನು ಕೂರಿಸಿ ಮತ್ತೊಮ್ಮೆ ತೆಗೆಯಲಾಯಿತು. ಟೆಸ್ಲಾ ತಮ್ಮ ಪ್ರಯೋಗದ ಟಿಪ್ಪಣಿಗಳಲ್ಲಿ ಇದನ್ನು ಸ್ಪಷ್ಟವಾಗಿ ದಾಖಲಿಸಿದ್ದಾರೆ. ಆ ಕಿಡಿಗಳ ಕೆಳಗೆ ಕೂರಬಹುದೆಂದು ಯಾವ ಹೊಸಬರೂ ನಂಬಬಾರದೆಂಬ ಕಾರಣಕ್ಕೆ ಈ ಮಾತನ್ನು ನಾನು ಮೊದಲಿಗೇ ಹೇಳುತ್ತೇನೆ.

ಎರಡನೆಯ ಕಥೆ, 42 ಕಿಲೋಮೀಟರ್ ದೂರದಲ್ಲಿ ತಂತಿಯಿಲ್ಲದೆ 200 ದೀಪಗಳನ್ನು ಬೆಳಗಿಸಿದರೆಂಬುದು. ಇದು ಪ್ರಚಾರಕ್ಕೆ ಬಂದದ್ದು ಅವರು ತೀರಿಕೊಂಡ ಮರುವರ್ಷ, 1944ರಲ್ಲಿ ಪ್ರಕಟವಾದ ಜೀವನಚರಿತ್ರೆಯಿಂದ; 1978ರಲ್ಲಿ ಬೆಲ್‌ಗ್ರೇಡ್‌ನ ವಸ್ತುಸಂಗ್ರಹಾಲಯ ಹೊರತಂದ ಕೊಲೊರಾಡೊ ಟಿಪ್ಪಣಿಗಳಲ್ಲಿ ಇದಕ್ಕೆ ಆಧಾರವಿಲ್ಲ. 1908ರಲ್ಲಿ ಸೈಬೀರಿಯಾದ ತುಂಗುಸ್ಕಾದಲ್ಲಾದ ಸ್ಫೋಟವನ್ನು ಅವರಿಗೆ ಅಂಟಿಸುವವರಿಗೆ ಇಷ್ಟು ಹೇಳಿದರೆ ಸಾಕು: ಆ ಹೊತ್ತಿಗೆ, ತಂತಿಯಿಲ್ಲದೆ ವಿದ್ಯುತ್ ಕಳಿಸಲು ಅವರು ಕಟ್ಟಿಸುತ್ತಿದ್ದ ವಾರ್ಡನ್‌ಕ್ಲಿಫ್ ಗೋಪುರದ ಕೆಲಸವೇ ಹಣವಿಲ್ಲದೆ ನಿಂತುಹೋಗಿತ್ತು.

ಅವರು ನಿಜವಾಗಿ ತೋರಿಸಿದ್ದು ಇದಕ್ಕಿಂತ ಸ್ವಾರಸ್ಯಕರ. ಪ್ರಯೋಗಾಲಯದ ಪ್ರೈಮರಿ ಸುತ್ತಿನಿಂದ (ಯಂತ್ರವು ವಿದ್ಯುತ್ ಹರಿಸುವ ಮೊದಲ ಸುರುಳಿಯಿಂದ) ಸುಮಾರು 30 ಮೀಟರ್ ಆಚೆಗೆ, ಬದಿಗೆ 15 ಮೀಟರ್‌ನಂತೆ ಒಂಟಿ ತಂತಿಯನ್ನು ಚೌಕವಾಗಿ ಹಾಸಿ, ಅದಕ್ಕೆ ಒಂದು ಕಂಡೆನ್ಸರ್ (ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಸಾಧನ) ಮತ್ತು ಮೂರು ಸಾಧಾರಣ ದೀಪಗಳನ್ನು ಜೋಡಿಸಿದ್ದರು. ತಂತಿಯ ಸುತ್ತಿನ ಇಂಡಕ್ಟನ್ಸ್ (ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಮತ್ತು ಕಂಡೆನ್ಸರ್ ಸೇರಿ ಆಸಿಲೇಟರ್‌ನ, ಅಂದರೆ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹುಟ್ಟಿಸುವ ಆ ಯಂತ್ರದ, ಆವರ್ತನಕ್ಕೇ ಅನುರಣಿಸುವಂತೆ ಹೊಂದಿಸಿದ್ದರಿಂದ ದೀಪಗಳು ಪೂರ್ಣ ಪ್ರಕಾಶದಲ್ಲಿ ಉರಿದವು. ಯಂತ್ರ ತನ್ನ ಸಾಮರ್ಥ್ಯದ ಶೇ. 5ಕ್ಕಿಂತ ಕಡಿಮೆಯಲ್ಲಿ ನಡೆಯುತ್ತಿತ್ತೆಂದು ಅವರೇ ಬರೆದಿದ್ದಾರೆ. ಇಂದು ಮೊಬೈಲನ್ನು ಪ್ಯಾಡ್ ಮೇಲಿಟ್ಟು ಚಾರ್ಜ್ ಮಾಡುವಾಗ ನಡೆಯುವುದೂ ಮೂಲತಃ ಇದೇ ಕಾಂತೀಯ ಪ್ರೇರಣೆ: ಒಂದು ಸುರುಳಿಯ ಬದಲಾಗುವ ಕಾಂತಕ್ಷೇತ್ರ ಇನ್ನೊಂದರಲ್ಲಿ ವಿದ್ಯುತ್ ಹುಟ್ಟಿಸುವುದು. ಆದರೆ ಸುರುಳಿಯ ಗಾತ್ರವನ್ನು ಮೀರಿ ದೂರ ಹೋದಂತೆ ಈ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ: ದೂರ ಇಮ್ಮಡಿಯಾದರೆ ಕ್ಷೇತ್ರ ಎಂಟನೆಯ ಒಂದು ಪಾಲಿಗೂ, ಅದೇ ಸುತ್ತಿಗೆ ಸಿಗುವ ವಿದ್ಯುತ್ ಶಕ್ತಿ ಸುಮಾರು ಅರವತ್ತನಾಲ್ಕನೆಯ ಒಂದು ಪಾಲಿಗೂ ಇಳಿಯುತ್ತದೆ. ಆದ್ದರಿಂದ ಆ ಮೂರು ದೀಪಗಳನ್ನು ಉರಿಸಿದ ಪ್ರೇರಣೆಯನ್ನೇ ನೆಚ್ಚಿಕೊಂಡು 42 ಕಿಲೋಮೀಟರ್ ಆಚೆ ಒಂದು ದೀಪವನ್ನೂ ಬೆಳಗಿಸಲಾಗದು. ಟೆಸ್ಲಾ ಭೂಮಿಯನ್ನೇ ವಾಹಕವನ್ನಾಗಿಸಿ ಆ ಮಿತಿಯನ್ನು ದಾಟಲು ಹೊರಟಿದ್ದರು. ಕೈಗೂಡದ ಆ ಯತ್ನವನ್ನು ಗೌರವದಿಂದ ಓದಬೇಕಾದರೆ ಮೊದಲು ಕಿಡಿಗಳ ಚಿತ್ರವನ್ನು ಬದಿಗಿಟ್ಟು, ತಂತಿಯ ಚೌಕದ ಲೆಕ್ಕವನ್ನು ಕೈಯಾರೆ ಮಾಡಿನೋಡಿ ಎಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ.