ಪೆಟ್ಟಿಗೆಯ ಮೇಲಿನ 30, ಮೈದನಹಳ್ಳಿಯ 12

ಸ್ಟುಡಿಯೋಗೆ ಬರುವ ಹುಡುಗರು ಹೊಸ ಕ್ಯಾಮೆರಾದ ಮಾತು ಎತ್ತಿದರೆ ಮೊದಲು ಕೇಳುವುದು, ‘ಸೆಕೆಂಡಿಗೆ ಎಷ್ಟು ಫ್ರೇಮ್ ಸಾರ್?’ ಎಂದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದೂ ಅದೇ. ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ, ಕ್ರೀಡಾಕೂಟ, ಬಿಡುವು ಸಿಕ್ಕಾಗ ಕಾಡು ಎಂದು ಓಡಾಡಿಕೊಂಡು ಫೋಟೊ ತೆಗೆಯುತ್ತಿರುವವನು ನಾನು. ನನ್ನನ್ನು ಕೇಳಿದರೆ ತಿಳಿಯಬೇಕಾದ ಅಂಕಿ ಬೇರೆ ಇದೆ: ಒಂದು ಫ್ರೇಮನ್ನು ಓದಿ ಮುಗಿಸಲು ಸೆನ್ಸರ್‌ಗೆ, ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್‌ಗೆ, ಎಷ್ಟು ಹೊತ್ತು ಬೇಕು? ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಓಡುವ ಪ್ರಾಣಿಯನ್ನೋ ಎಗರುವ ಆಟಗಾರನನ್ನೋ ಹಿಡಿಯಲೆಂದು ಸಾಲ ಮಾಡಿ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಕೊಳ್ಳುವವರಿಗೆ ಇದು ಗೊತ್ತಿರಲೇಬೇಕು.

ಶಿವರಾತ್ರಿ ಕಳೆದ ವಾರ ಬೆಂಗಳೂರಿನಿಂದ ಒಂದು ಹೊಸ ಮಿರರ್‌ಲೆಸ್ ಬಾಡಿಯನ್ನು ಮೂರು ದಿನಕ್ಕೆ ಬಾಡಿಗೆಗೆ ತಂದೆ. ಫುಲ್‌ಫ್ರೇಮ್, 24 ಮೆಗಾಪಿಕ್ಸೆಲ್. ಸೆನ್ಸರ್ ತಾನೇ ಸಾಲು ಸಾಲಾಗಿ ಓದುವ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್, ಸೆನ್ಸರ್ ಮುಂದೆ ಪರದೆ ಹಾಯುವ ಮೆಕ್ಯಾನಿಕಲ್ ಶಟರ್‌ನಲ್ಲಿ 12. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇಲ್ಲಿ ಹೇಳುವುದು ಈ ದರ್ಜೆಯ ಹೆಚ್ಚಿನ ಬಾಡಿಗಳಿಗೆ ಒಪ್ಪುವ ಮಾತು.

ಮೊದಲ ದಿನ ಎಲ್ಲೂ ಹೋಗಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಇದೆ. ಅದರ ಬೆಳಕು ಬೀಳುವ ಬಿಳಿ ಗೋಡೆಗೆ ಕ್ಯಾಮೆರಾ ಹಿಡಿದು, ಎಲೆಕ್ಟ್ರಾನಿಕ್ ಶಟರ್ ಹಾಕಿ, ಸೆಕೆಂಡಿನ 1/2000 ಶಟರ್ ಸ್ಪೀಡಿನಲ್ಲಿ ಒಂದು ಫೋಟೊ ತೆಗೆದೆ. ಗೋಡೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬಂತು. ಎಣಿಸಿದೆ: ಎರಡು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದು. ಒಂದೊಂದು ಸುತ್ತಿನಲ್ಲೂ ದೀಪ ಎರಡು ಸಲ ಏರಿ ಇಳಿಯುತ್ತದೆ. ಹಾಗಾಗಿ ಬೆಳಕು ಮಿನುಗುವುದು ಸೆಕೆಂಡಿಗೆ 100 ಸಲ, ಒಂದು ಪಟ್ಟಿ ಎಂದರೆ ಸೆಕೆಂಡಿನ ನೂರನೇ ಒಂದು ಭಾಗ. ಎರಡು ಪಟ್ಟಿ ಬಂದಿದೆ ಅಂದರೆ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಿಕೊಂಡು ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ತೆಗೆದುಕೊಂಡಿದೆ. ಶಟರ್ ಸ್ಪೀಡ್ 1/2000 ಎಂದು ತೋರಿಸುತ್ತಿದ್ದರೂ ಅದು ಒಂದೊಂದು ಸಾಲಿನ ಲೆಕ್ಕ ಮಾತ್ರ. ಇಡೀ ಫ್ರೇಮಿನ ಲೆಕ್ಕ 1/50.

ಇದೇ ಫೋಟೊವನ್ನು ಮೆಕ್ಯಾನಿಕಲ್ ಶಟರ್‌ನಲ್ಲಿ ತೆಗೆದಾಗ ಪಟ್ಟಿ ಇರಲಿಲ್ಲ. ಆ ಪರದೆ ಸೆನ್ಸರ್ ಮುಂದೆ ಹಾದುಹೋಗಲು ಸುಮಾರು ಮೂರು ನಾಲ್ಕು ಮಿಲಿಸೆಕೆಂಡ್ ಸಾಕು. ಒಂದು ಫ್ರೇಮ್ ಬೆಳಕಾಗಿ ಇನ್ನೊಂದು ಮಬ್ಬಾಗಿ ಬರಬಹುದು, ಆದರೆ ಒಂದೇ ಫ್ರೇಮಿನೊಳಗೆ ಪಟ್ಟಿ ಬೀಳುವಷ್ಟು ಹೊತ್ತು ಅದಕ್ಕೆ ಸಿಗುವುದಿಲ್ಲ. ಕ್ಯಾಮೆರಾ ಕೊಳ್ಳಲು ಹೋದಾಗ ಅಂಗಡಿಯಲ್ಲೇ ಐದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಮಿನುಗುವ ದೀಪ ಸಿಗದಿದ್ದರೆ ತಿರುಗುವ ಟೇಬಲ್ ಫ್ಯಾನ್ ಸಾಕು. ರೆಕ್ಕೆಗಳು ಬಾಳೆಎಲೆ ಬಾಗಿದ ಹಾಗೆ ಬಾಗಿ ಬಂದಷ್ಟೂ ಸೆನ್ಸರ್ ನಿಧಾನ.

ನಿಧಾನವಿಲ್ಲದ ಕ್ಯಾಮೆರಾಗಳೂ ಇವೆ. ಸೆನ್ಸರ್‌ನ ಬೆನ್ನಿಗೇ ಮೆಮೊರಿ ಪದರ ಅಂಟಿಸಿರುವ ಸ್ಟ್ಯಾಕ್ಡ್ ಸೆನ್ಸರ್‌ಗಳು ಬಹಳ ಬೇಗ ಓದುತ್ತವೆ. ಆ ಧೈರ್ಯದ ಮೇಲೆಯೇ ನಿಕಾನ್ 2021ರಲ್ಲಿ ಝಡ್9 ತಂದಾಗ ಮೆಕ್ಯಾನಿಕಲ್ ಶಟರನ್ನು ಪೂರ್ತಿ ಕಿತ್ತುಹಾಕಿತು. 2023ರಲ್ಲಿ ಪ್ರಕಟವಾದ ಸೋನಿ ಎ9 ಮಾರ್ಕ್ 3ರಲ್ಲಿ ಗ್ಲೋಬಲ್ ಶಟರ್ ಬಂತು. ಅದರಲ್ಲಿ ಎಲ್ಲ ಪಿಕ್ಸೆಲ್‌ಗಳೂ ಒಂದೇ ಗಳಿಗೆಯಲ್ಲಿ ಬೆಳಕು ಹಿಡಿಯುತ್ತವೆ, ಸಾಲು ಸಾಲಾಗಿ ಓದುವ ಪ್ರಶ್ನೆಯೇ ಇಲ್ಲ. ಆದರೆ ಆ ಬಾಡಿಗಳ ಬೆಲೆ ಕಟ್ಟಿದರೆ ನಮ್ಮ ಕಡೆಯ ಫೋಟೊಗ್ರಾಫರ್‌ನ ಒಂದು ಮದುವೆ ಸೀಸನ್ನಿನ ದುಡಿಮೆ ಅಲ್ಲಿಗೇ ಮುಗಿಯಿತು, ಲೆನ್ಸ್‌ಗೆ ಏನೂ ಉಳಿಯುವುದಿಲ್ಲ.

ಎರಡನೇ ದಿನ ಬೆಳಿಗ್ಗೆ ಮಧುಗಿರಿ ದಾಟಿ ಮೈದನಹಳ್ಳಿಗೆ ಹೋದೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 798 ಎಕರೆಯ ಹುಲ್ಲುಗಾವಲು. ಹೆಸರು ಕೊಟ್ಟ ಜಯಮಂಗಲಿ ನದಿ ಹುಟ್ಟುವುದು ಇಲ್ಲೇ ನಮ್ಮ ದೇವರಾಯನದುರ್ಗದಲ್ಲಿ. ಫೆಬ್ರವರಿ ಮಾರ್ಚಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅದರ ನಡುವೆ ಕಪ್ಪು ಗಂಡು ಕತ್ತೆತ್ತಿ ನಿಂತರೆ ಎಷ್ಟು ಸಲ ನೋಡಿದ್ದರೂ ಎದೆ ಜುಮ್ಮೆನ್ನುತ್ತದೆ.

ನನ್ನ ಹಳೇ 150–600 ಲೆನ್ಸನ್ನೇ ಅಡಾಪ್ಟರ್ ಹಾಕಿ ಕೂರಿಸಿದ್ದೆ. ಪ್ರಾಣಿಯ ಕಣ್ಣು ಗುರುತಿಸುವ ಫೋಕಸ್ ಬಗ್ಗೆ ಬಹಳ ಕೇಳಿದ್ದೆ, ಕೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಗಂಡು ಕೃಷ್ಣಮೃಗದ ಕಪ್ಪು ಮುಖದಲ್ಲಿ ಕಣ್ಣಿನ ಸುತ್ತ ಬಿಳಿ ಉಂಗುರ ಇರುತ್ತದಲ್ಲ, ಫೋಕಸ್ ಚೌಕ ಅಲ್ಲಿಗೆ ಹೋಗಿ ಅಂಟಿಕೊಂಡಿತು. ಹಳೇ ಡಿಎಸ್‌ಎಲ್‌ಆರ್‌ನಲ್ಲಿ ನಡುವಿನ ಚುಕ್ಕಿಯನ್ನು ಕಣ್ಣಿನ ಮೇಲಿಟ್ಟು, ಉಸಿರು ಹಿಡಿದು, ಫ್ರೇಮು ಸರಿಪಡಿಸುತ್ತಿದ್ದ ಕಷ್ಟ ತಪ್ಪಿತು. ಉಳಿದ ಕಾಲು ಪಾಲಿನಲ್ಲಿ ಹುಲ್ಲಿದೆ. ಪ್ರಾಣಿ ಮೊಣಕಾಲೆತ್ತರದ ಹುಲ್ಲಿನಲ್ಲಿ ನಡೆಯುವಾಗ ಮುಂದೆ ಒಂದು ಕದಿರು ಅಡ್ಡ ಬಂದರೆ ಸಾಕು, ಫೋಕಸ್ ಅದಕ್ಕೆ ಜಿಗಿಯುತ್ತದೆ. ಇದಕ್ಕೆ ಮೆನುವಿನಲ್ಲಿ ಔಷಧಿ ಇದೆ. ಟ್ರ್ಯಾಕಿಂಗ್‌ನ ಚುರುಕನ್ನು ಎರಡು ಹೆಜ್ಜೆ ಇಳಿಸಿದೆ, ಫೋಕಸ್ ಪ್ರದೇಶವನ್ನು ಇಡೀ ಪರದೆಯಿಂದ ಸಣ್ಣ ಚೌಕಕ್ಕೆ ತಂದೆ. ಆಮೇಲೆ ಕದಿರು ಅಡ್ಡ ಬಂದರೂ ಕ್ಯಾಮೆರಾ ಅರೆಗಳಿಗೆ ತಾಳಿಕೊಂಡು ಪ್ರಾಣಿಯ ಮೇಲೇ ಉಳಿಯಿತು. ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸಿ ‘ಫೋಕಸ್ ಸರಿ ಇಲ್ಲ’ ಎಂದು ಬೈಯುವವರು ಮೊದಲು ಇದೊಂದನ್ನು ಮಾಡಿ ನೋಡಿ.

ಎಂಟು ಗಂಟೆ ಸುಮಾರಿಗೆ ಏನೋ ಕಂಡು ಹಿಂಡು ಎದ್ದು ಓಡಿತು. ಒಂದು ಎಗರಿದರೆ ಅದರ ಹಿಂದೆ ಇನ್ನೊಂದು, ಚೆಂಡು ಪುಟಿದ ಹಾಗೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ, 30 ಫ್ರೇಮಿನಲ್ಲಿ, ಪ್ರಾಣಿಯ ಜೊತೆಜೊತೆಗೆ ಲೆನ್ಸ್ ತಿರುಗಿಸುತ್ತಾ ಒತ್ತಿ ಹಿಡಿದೆ. ಮೂರು ಸೆಕೆಂಡಾಗುವಷ್ಟರಲ್ಲಿ ಕ್ಯಾಮೆರಾ ತಡವರಿಸಿತು. ಲೆಕ್ಕ ಹಾಕಿ: ಒಂದು ರಾ ಫೈಲು (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಟ್ಟ ಫೈಲು) ಸುಮಾರು 28 ಎಂಬಿ, ಸೆಕೆಂಡಿಗೆ 30 ಎಂದರೆ 840 ಎಂಬಿ. ಒಳಗಿದ್ದದ್ದು ಯುಎಚ್‌ಎಸ್-2 ಎಸ್‌ಡಿ ಕಾರ್ಡು, ಅದರ ದಾರಿಯ ಮಿತಿಯೇ ಸೆಕೆಂಡಿಗೆ 312 ಎಂಬಿ. ಕಾರ್ಡಿಗೆ ಹೋಗುವ ಮುಂಚೆ ಫ್ರೇಮುಗಳು ಕಾಯುವ ಬಫರ್ ತುಂಬಿದ ಮೇಲೆ 30 ಎಂಬ ಅಂಕಿಗೆ ಅರ್ಥವೇ ಇರುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ನೆರಳಿನಲ್ಲಿ ಕೂತು ಪರದೆ ನೋಡಿದಾಗ ಗೊತ್ತಾಯಿತು. ಕೃಷ್ಣಮೃಗ ಶಾರ್ಪ್ ಆಗಿತ್ತು. ಹಿಂದಿನ ಮರಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಬಿರುಗಾಳಿ ಬೀಸಿದ ಹಾಗೆ. ಆ ದಿನ ಎಲೆಯೂ ಅಲುಗುತ್ತಿರಲಿಲ್ಲ. ಗಂಟೆಗೆ 80 ಕಿಲೋಮೀಟರ್‌ವರೆಗೆ ಓಡಬಲ್ಲ ಪ್ರಾಣಿ ಅದು. ಆ ವೇಗದಲ್ಲಿ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಹೆಚ್ಚುಕಡಿಮೆ 44 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದು ಮೊಳ. ನಾನು ಅದರ ಜೊತೆ ಲೆನ್ಸ್ ತಿರುಗಿಸಿದ್ದರಿಂದ ಪ್ರಾಣಿಯ ಮೈ ನೆಟ್ಟಗೆ ಉಳಿಯಿತು, ಸೆನ್ಸರ್ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಹಿನ್ನೆಲೆ ಸರಿದುಹೋಗಿತ್ತು. ಇದನ್ನು ಕಂಪ್ಯೂಟರಿನಲ್ಲಿ ಸರಿಮಾಡಬಹುದು ಎನ್ನುವವರಿದ್ದಾರೆ. ಮರ ನೆಟ್ಟಗೆ ಮಾಡಿದರೆ ಪ್ರಾಣಿ ವಾಲುತ್ತದೆ. ಮೆಕ್ಯಾನಿಕಲ್‌ಗೆ ಬದಲಾಯಿಸಿದೆ. 12 ಫ್ರೇಮಿಗೆ ಇಳಿಯಿತು, ಮರಗಳು ಎದ್ದು ನಿಂತವು. ನಾಲ್ಕೂ ಗೊರಸು ನೆಲ ಬಿಟ್ಟ ಗಳಿಗೆ ಆ 12ರಲ್ಲೇ ನನಗೆ ಸಿಕ್ಕಿತು. ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಾಹಕರಾದ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರು ಫಿಲ್ಮಿನ ಕಾಲದವರು, 36 ಫ್ರೇಮಿನ ರೀಲು ನೆಚ್ಚಿಕೊಂಡು ಕೆಲಸ ಮಾಡಿದವರು. 12 ಕಡಿಮೆ ಎಂದು ದೂರುವ ಮುಂಚೆ ನಾನು ಅವರನ್ನು ನೆನೆಯುತ್ತೇನೆ.

ಇನ್ನೊಂದು ವ್ಯತ್ಯಾಸ ಮನೆಗೆ ಬಂದು ಫೈಲು ತೆರೆದಾಗ ಕಂಡಿತು. ಈ ಬಾಡಿ ಎಲೆಕ್ಟ್ರಾನಿಕ್ ಬರ್ಸ್ಟ್‌ನಲ್ಲಿ (ಒತ್ತಿ ಹಿಡಿದು ಸರಣಿಯಾಗಿ ತೆಗೆಯುವಾಗ) ವೇಗಕ್ಕಾಗಿ 14 ಬಿಟ್ ಬಿಟ್ಟು 12 ಬಿಟ್‌ಗೆ ಇಳಿಯುತ್ತದೆ. ಬಿಟ್ ಕಡಿಮೆಯಾದರೆ ಬೆಳಕು ನೆರಳಿನ ಮೆಟ್ಟಿಲುಗಳೂ ಕಡಿಮೆ. ಮದುವೆ ಫೋಟೊದಲ್ಲಿ ಇದು ಯಾರಿಗೂ ಕಾಣುವುದಿಲ್ಲ. ಕೃಷ್ಣಮೃಗದಲ್ಲಿ ಕಾಣುತ್ತದೆ. ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚಬಿಳುಪು. ಹೊಟ್ಟೆಯ ಬಿಳುಪು ಸುಡಬಾರದೆಂದು ಎಕ್ಸ್‌ಪೋಷರ್ ತಗ್ಗಿಸಿ, ಆಮೇಲೆ ಬೆನ್ನಿನ ನೆರಳನ್ನು ಎತ್ತಲೇಬೇಕು. ಎತ್ತಿದಾಗ 14 ಬಿಟ್ ಫೈಲಿನಲ್ಲಿ ಕತ್ತಿನ ಕೂದಲು ಎಳೆ ಎಳೆಯಾಗಿ ಬಂತು, 12 ಬಿಟ್‌ನಲ್ಲಿ ಅದೇ ಜಾಗದಲ್ಲಿ ನೇರಳೆ ಬಣ್ಣದ ಗ್ರೇನ್ಸ್ ಎದ್ದಿತು.

ಒಂಬತ್ತೂವರೆ ಮೇಲೆ ತೆಗೆದದ್ದರಲ್ಲಿ ಒಂದೂ ನಿಲ್ಲಲಿಲ್ಲ, ಅದಕ್ಕೆ ಕ್ಯಾಮೆರಾ ಕಾರಣವಲ್ಲ. ನೆಲ ಕಾದು ಬಿಸಿಗಾಳಿ ಏಳಲು ಶುರುವಾದರೆ ನೂರು ಮೀಟರ್ ಆಚೆಯ ಪ್ರಾಣಿಯನ್ನು ಯಾವ ಲೆನ್ಸೂ ಶಾರ್ಪ್ ಮಾಡಲಾರದು. ಒಂದು ಬರ್ಸ್ಟನ್ನು ಒಂದೊಂದೇ ಫ್ರೇಮಾಗಿ ನೋಡುತ್ತಾ ಹೋಗಿ: ನೆಟ್ಟಗಿರಬೇಕಾದ ಕೊಂಬಿನ ಅಂಚು ನೀರಿನಲ್ಲಿ ಕಂಡ ಹಾಗೆ ಒಂದರಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ ನಡುಗಿದ್ದರೆ ಅದು ಗಾಳಿಯ ಕೆಲಸ. ಹೊಸ ಬಾಡಿ ಸರಿ ಇಲ್ಲವೆಂದು ಸರ್ವಿಸ್ ಸೆಂಟರಿಗೆ ಕಳಿಸಿದ ಇಬ್ಬರ ಫೋಟೊಗಳಲ್ಲಿ ನಾನು ಇದೇ ನಡುಕ ಕಂಡಿದ್ದೇನೆ. ಜೀಪಿನಿಂದ ಅಟ್ಟಿಕೊಂಡು ಹೋಗಿ ಹತ್ತಿರದಿಂದ ತೆಗೆಯುತ್ತೇವೆ ಎನ್ನುವವರಿಗೆ ಒಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಮರಿ ಹಿಂದೆ ಉಳಿದು ತಾಯಿ ಮುಂದೆ ಓಡಿದ್ದನ್ನು ಕಣ್ಣಾರೆ ನೋಡಿದವನು ನಾನು. ದಯವಿಟ್ಟು ಅಟ್ಟಬೇಡಿ.

ಅದೇ ರಾತ್ರಿ ಗುಬ್ಬಿ ಕಡೆಯ ಒಂದು ಊರಿನಲ್ಲಿ ಜಾತ್ರೆಯ ಕಬಡ್ಡಿ ಇತ್ತು. 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟು. ನಾಲ್ಕು ಕಂಬಕ್ಕೆ ಎಲ್‌ಇಡಿ ಫ್ಲಡ್‌ಲೈಟು. ಲೆನ್ಸಿನ ಕಿಂಡಿ ಎಫ್ 2.8, ಶಟರ್ 1/1000, ಬೆಳಕಿನ ಸೂಕ್ಷ್ಮತೆ ಐಎಸ್‌ಒ 8000. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹತ್ತು ಫ್ರೇಮ್ ತೆಗೆದು ನೋಡಿದೆ, ಹಿಂದಿನ ದಿನ ಗೋಡೆಯ ಮೇಲೆ ಕಂಡ ಪಟ್ಟಿಗಳೇ ರೈಡರ್‌ನ ಮುಖದ ಮೇಲೆ ಬಂದು ಕೂತಿದ್ದವು. ಹಣೆ ಬೆಳ್ಳಗೆ, ಗಲ್ಲ ಹಳದಿ. ಆ ಫೋಟೊವನ್ನು ಯಾವ ಪತ್ರಿಕೆಯೂ ತೆಗೆದುಕೊಳ್ಳುವುದಿಲ್ಲ. ಮೆಕ್ಯಾನಿಕಲ್ ಹಾಕಿ ಆ್ಯಂಟಿ-ಫ್ಲಿಕರ್ ಆನ್ ಮಾಡಿದೆ. ಆಗ ಕ್ಯಾಮೆರಾ ದೀಪದ ಏರಿಳಿತವನ್ನು ಅಳೆದು, ಬೆಳಕು ತುದಿ ಮುಟ್ಟುವ ಗಳಿಗೆಗೆ ಕಾದು ಶಟರ್ ಬಿಡುತ್ತದೆ. 12 ಫ್ರೇಮು ಹತ್ತರ ಹತ್ತಿರಕ್ಕೆ ಇಳಿದಂತೆ ಅನಿಸಿತು, ಆದರೆ ಎಲ್ಲ ಫ್ರೇಮಿನಲ್ಲೂ ಚರ್ಮದ ಬಣ್ಣ ಒಂದೇ ಬಂತು.

ಕಬಡ್ಡಿಯಲ್ಲಿ ಮುಖ ಗುರುತಿಸುವ ಫೋಕಸ್ ಕೈಕೊಡುತ್ತದೆ, ಇದನ್ನು ಬಲವಾಗಿ ಹೇಳುತ್ತೇನೆ. ರೈಡರ್ ನಮಗೆ ಬೆನ್ನು ಹಾಕಿ ಒಳಗೆ ನುಗ್ಗಿರುತ್ತಾನೆ. ಕೈಕೈ ಹಿಡಿದು ನಿಂತ ಎದುರಾಳಿಗಳ ಮುಖಗಳೆಲ್ಲ ನಮ್ಮ ಕಡೆಗೇ ಇರುತ್ತವೆ. ಕ್ಯಾಮೆರಾ ಸಹಜವಾಗಿ ಆ ಮುಖಗಳಿಗೆ ಹಾರುತ್ತದೆ. ನಾನು ಗುರುತಿಸುವಿಕೆಯನ್ನೇ ಆಫ್ ಮಾಡಿ, ಸಣ್ಣ ಚೌಕವನ್ನು ರೈಡರ್‌ನ ಸೊಂಟದ ಮೇಲೆ ಇಟ್ಟೆ. ಕೈ ಕಾಲು ಸುಳ್ಳು ಹೇಳುತ್ತವೆ, ಅವನ ಕಸುಬೇ ಅದು. ಸೊಂಟ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಆಟ ಹೋಗುತ್ತದೆ. ಮೂವತ್ತು ಸೆಕೆಂಡಿನ ರೈಡ್ ಮುಗಿಯುವ ಹೊತ್ತಿಗೆ ಎಡಮೂಲೆಯವನು ಮುಂಗಾಲಿಗೆ ಬಿದ್ದು ಕಾಲು ಹಿಡಿದ. ರೈಡರ್ ನಡುಗೆರೆಗೆ ಕೈ ಚಾಚಿದ. ಬೆರಳಿಗೂ ಗೆರೆಗೂ ನಡುವೆ ಒಂದು ಗೇಣು. ಆ ಫ್ರೇಮಿನಲ್ಲಿ ಅವನ ಉಗುರಿನ ಸಂದಿಯ ಮಣ್ಣೂ ಕಾಣುತ್ತಿತ್ತು.

ಮೂರನೇ ದಿನದ ಕಥೆ ಪೂರ್ತಿ ಬೇರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಕೊಕ್ಕು ಬಡಿಯುವ ಸದ್ದು. ಊರಿನವರು ಆ ಹಕ್ಕಿಗಳನ್ನು ಮನೆಮಕ್ಕಳ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಅವರ ಜಗುಲಿಯಲ್ಲಿ ನಿಂತು ಮೆಷಿನ್‌ಗನ್ನಿನ ಹಾಗೆ ಶಟರ್ ಸದ್ದು ಮಾಡುವುದು ನನಗೆ ಯಾವತ್ತೂ ಮುಜುಗರವೇ. ಎಲೆಕ್ಟ್ರಾನಿಕ್ ಶಟರ್ ಇಲ್ಲಿ ತನ್ನ ಬೆಲೆ ತೋರಿಸಿತು. ಸದ್ದೇ ಇಲ್ಲ.

ಜೊತೆಗೆ ಪ್ರೀ-ಕ್ಯಾಪ್ಚರ್. ಬಟನ್ ಅರ್ಧ ಒತ್ತಿ ಹಿಡಿದಿದ್ದರೆ ಹಿಂದಿನ ಅರ್ಧ ಸೆಕೆಂಡಿನ ಫ್ರೇಮುಗಳನ್ನು ಕ್ಯಾಮೆರಾ ಕೈಯಲ್ಲಿಟ್ಟುಕೊಂಡಿರುತ್ತದೆ, ಪೂರ್ತಿ ಒತ್ತಿದ ಕೂಡಲೇ ಅವನ್ನೂ ಸೇರಿಸಿ ಬರೆಯುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು, ಅಷ್ಟರಲ್ಲಿ ಕೊಕ್ಕರೆ ರೆಂಬೆ ಬಿಟ್ಟಿರುತ್ತದೆ. ಈಗ ಅದು ಮೊಣಕಾಲು ಬಗ್ಗಿಸಿದ್ದು, ಕತ್ತು ಮುಂದೆ ಚಾಚಿದ್ದು, ಬೆನ್ನ ಹಿಂಭಾಗದ ಗುಲಾಬಿ ಗರಿ ಅರಳಿದ್ದು ಒಂದೊಂದೂ ಬಂತು, ನಾನು ಬಟನ್ ಒತ್ತುವ ಮುಂಚಿನ ಹದಿನೈದು ಫ್ರೇಮಿನಲ್ಲಿ. ಕೊಕ್ಕರೆಯ ರೆಕ್ಕೆಬಡಿತ ನಿಧಾನದ್ದಾದ್ದರಿಂದ ರೆಕ್ಕೆ ಬಾಗಿದ್ದೂ ಕಾಣಲಿಲ್ಲ. ಇಡೀ ಹೊತ್ತು ಸೆನ್ಸರ್ ದುಡಿಯುತ್ತಿರುವುದರಿಂದ ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಎರಡು ಇಟ್ಟುಕೊಂಡು ಹೋಗಿ. ಈ ಸೌಲಭ್ಯ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಮಾತ್ರ ಸಿಗುವುದರಿಂದ ರಾತ್ರಿಯ ಕಬಡ್ಡಿಗೆ ಅದನ್ನು ಬಳಸುವ ಆಸೆ ಬಿಡಬೇಕಾಯಿತು.

ಬಾಡಿಯನ್ನು ವಾಪಸು ಕೊಟ್ಟ ಮೇಲೆ ಹದಿನೈದು ದಿನ ಯೋಚಿಸಿ ಅದನ್ನೇ ಕೊಂಡೆ. ಸ್ಟ್ಯಾಕ್ಡ್ ಸೆನ್ಸರ್‌ಗೆ ಕೊಡಬೇಕಿದ್ದ ಹಣದಲ್ಲಿ ಉಳಿದದ್ದು 70–200 ಎಫ್ 2.8 ಲೆನ್ಸ್‌ಗೆ ಹೋಯಿತು. ನಮ್ಮ ಸೆಟ್ಟಿಂಗ್ ಉಳಿಸಿಡಲು ಮೋಡ್ ಡಯಲ್‌ನಲ್ಲಿರುವ ಜಾಗಗಳಲ್ಲಿ ಸಿ1ರಲ್ಲಿ ಕಬಡ್ಡಿ ಇದೆ: ಮೆಕ್ಯಾನಿಕಲ್, ಆ್ಯಂಟಿ-ಫ್ಲಿಕರ್, ಸಣ್ಣ ಚೌಕ. ಸಿ2ರಲ್ಲಿ ಕೃಷ್ಣಮೃಗ: ಮೆಕ್ಯಾನಿಕಲ್, 14 ಬಿಟ್, ಟ್ರ್ಯಾಕಿಂಗ್ ಎರಡು ಹೆಜ್ಜೆ ಕೆಳಗೆ. ಪೆಟ್ಟಿಗೆಯ ಮೇಲಿನ ಆ 30 ಈಗ ಸಿ3ರಲ್ಲಿದೆ, ಕಗ್ಗಲಡುವಿಗೆಂದು.