ಗೇಮ್ ಇನ್‌ಸ್ಟಾಲ್ ಆಗದಿದ್ದರೆ ತಪ್ಪು ಸಿಡಿಯದ್ದೇ ಆಗಬೇಕಾ?

ಮಳೆಗಾಲ ಬಂತೆಂದರೆ ಕಾರವಾರದ ಕಂಪ್ಯೂಟರ್ ರಿಪೇರಿಯವರಿಗೆ ಬೇರೆಯದೇ ಕೆಲಸ. ಪವರ್ ಸಪ್ಲೈ ಸುಡುತ್ತದೆ, ರ‍್ಯಾಮ್ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಜೊತೆಗೆ, ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟ ದಿನ ಅಟ್ಟದ ಮೇಲಿನ ಹಳೇ ಗೇಮ್ ಡಿಸ್ಕುಗಳು ಕೆಳಗಿಳಿಯುತ್ತವೆ. "ಅಣ್ಣಾ, ಅರ್ಧಕ್ಕೇ ನಿಂತು ಹೋಗ್ತದೆ. ಡ್ರೈವ್ ಹೋಗಿದೆ ಕಾಣ್ತದೆ, ಹೊಸದು ಹಾಕಿ" ಎಂದು ಹುಡುಗರು ಬರುತ್ತಾರೆ.

ಹೊಸ ಡ್ರೈವಿನ ಮಾತು ಆಮೇಲೆ. ಗೇಮ್ ಇನ್‌ಸ್ಟಾಲ್ ಮಾಡುವ ಸೆಟಪ್ ಫೈಲನ್ನು ನಾನು ಮೊದಲು ಓಡಿಸುವುದೇ ಇಲ್ಲ. ಡಿಸ್ಕನ್ನು ಎಕ್ಸ್‌ಪ್ಲೋರರಿನಲ್ಲಿ ತೆರೆದು, ಒಳಗಿರುವುದನ್ನೆಲ್ಲ ಹಾರ್ಡ್ ಡಿಸ್ಕಿನ ಒಂದು ಫೋಲ್ಡರಿಗೆ ಕಾಪಿ ಹಾಕುತ್ತೇನೆ. ಕಾಪಿ ನಡುವೆ ನಿಂತರೆ, ಅಥವಾ 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' (ಓದಿದ ಮಾಹಿತಿ ತಾಳೆಯಾಗಲಿಲ್ಲ ಎಂದರ್ಥ) ಎಂಬ ಎರರ್ ಬಂದರೆ, ತಪ್ಪು ಡಿಸ್ಕಿನದ್ದು ಇಲ್ಲಾ ಡ್ರೈವಿನದ್ದು. ಕಾಪಿ ಪೂರ್ತಿಯಾಗಿಯೂ ಸೆಟಪ್ ಹಟ ಮಾಡಿದರೆ ಡಿಸ್ಕನ್ನು ಬೈದು ಪ್ರಯೋಜನವಿಲ್ಲ, ವಿಂಡೋಸ್ ಕಡೆ ನೋಡಬೇಕು. ಎಷ್ಟೋ ಸಲ ಆ ಫೋಲ್ಡರಿನಿಂದಲೇ ಸೆಟಪ್ ಒತ್ತಿದರೆ ಗೇಮ್ ಸಲೀಸಾಗಿ ಇನ್‌ಸ್ಟಾಲ್ ಆಗಿಬಿಡುತ್ತದೆ. ಎರಡು ಮೂರು ಡಿಸ್ಕಿನ ಗೇಮ್ ಆದರೆ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ನೋಡಿ. ಒಂದೇ ಹೆಸರಿನ ಫೈಲ್ ಎದುರಾದರೆ ಮೊದಲ ಡಿಸ್ಕಿನದ್ದನ್ನು ಉಳಿಸಿಕೊಳ್ಳಿ.

"ಸಿನಿಮಾ ಡಿವಿಡಿ ಚೆನ್ನಾಗಿ ಓಡ್ತದಲ್ಲ, ಮತ್ತೆ ಗೇಮ್ ಯಾಕೆ ಓಡಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಸಿನಿಮಾದಲ್ಲಿ ನಾಲ್ಕು ಚುಕ್ಕೆ ಓದಲಾಗದಿದ್ದರೆ ಚಿತ್ರ ಒಂದು ಕ್ಷಣ ಚೌಕ ಚೌಕವಾಗಿ ಕಾಣುತ್ತದೆ, ಮುಂದೆ ಹೋಗುತ್ತದೆ. ಗೇಮ್ ಹಾಗಲ್ಲ. ಅದರ ಫೈಲುಗಳನ್ನು ಒತ್ತಿ ಒತ್ತಿ ದೊಡ್ಡ ಗಂಟು ಕಟ್ಟಿರುತ್ತಾರೆ. ಅದರೊಳಗೆ ಒಂದು ಬಿಟ್ ತಪ್ಪಿದರೂ ಲೆಕ್ಕ ತಾಳೆಯಾಗುವುದಿಲ್ಲ, ಸೆಟಪ್ ಅಲ್ಲಿಗೇ ಕೈಚೆಲ್ಲುತ್ತದೆ.

ಹಾಡಿನ ಸಿಡಿ ಓದಿತು ಎಂದು ಡ್ರೈವಿಗೆ ಸರ್ಟಿಫಿಕೇಟ್ ಕೊಡಬೇಡಿ. ಸಿಡಿ ಓದಲು 780 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಲೇಸರ್ ಬೇಕು, ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಲೇಸರ್. ಡ್ರೈವಿನಲ್ಲಿ ಒಂದು ಸೋತು ಇನ್ನೊಂದು ಗಟ್ಟಿಯಾಗಿರಬಹುದು. ಡಿವಿಡಿ ಗೇಮ್ ಓದದಿದ್ದರೆ ಇನ್ನೊಂದು ಡಿವಿಡಿಯಿಂದಲೇ ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿಗೆ ಹಚ್ಚುವ ಹೊರಗಿನ ಡ್ರೈವ್ ಆದರೆ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ನಾಲ್ಕಾರು ಮಾಡುವ ಡಬ್ಬಿ) ತೆಗೆದು ಲ್ಯಾಪ್‌ಟಾಪಿಗೇ ನೇರ ಚುಚ್ಚಿ. ಡಿಸ್ಕ್ ತಿರುಗಲು ಕರೆಂಟ್ ಸಾಲದೆ 'ಟಿಕ್ ಟಿಕ್' ಎನ್ನುವುದು ಸಾಮಾನ್ಯ.

ಮೊನ್ನೆ ಸದಾಶಿವಗಡದಿಂದ ಬಂದ ಡಿಸ್ಕ್ ನೋಡಿದೆ. ಗೀರೇ ಇಲ್ಲ. ಆದರೆ ಓರೆ ಹಿಡಿದರೆ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ. ಬೂಸ್ಟು! ನಮ್ಮ ಕರಾವಳಿಯ ತೇವಕ್ಕೆ ಚಪ್ಪಲಿ, ಪುಸ್ತಕಗಳನ್ನೇ ಬಿಡದ ಬೂಸ್ಟು ಡಿಸ್ಕನ್ನು ಬಿಡುತ್ತದಾ? ಮೇಲ್ಮೈಗಷ್ಟೇ ಹಿಡಿದಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಒರೆಸುವುದು ನಡುವಿನ ತೂತಿನಿಂದ ಅಂಚಿನ ಕಡೆಗೆ, ನೇರವಾಗಿ. ಸುತ್ತಿ ಸುತ್ತಿ ಅಲ್ಲ. ಡಿಸ್ಕಿನೊಳಗಿನ ಮಾಹಿತಿ ಚಕ್ಕುಲಿಯ ಹಾಗೆ ಒಳಗಿನಿಂದ ಹೊರಗೆ ಸುತ್ತಿಕೊಂಡಿರುತ್ತದೆ. ಅಡ್ಡ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲಿ ಚೂರೇ ಚೂರು ಹೋಗುತ್ತದೆ, ಡ್ರೈವ್ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಿಡಿಯಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದ ನಷ್ಟದವರೆಗೆ ಅದು ಸರಿಪಡಿಸಬಲ್ಲದು. ಸುತ್ತಿನ ಉದ್ದಕ್ಕೇ ಗೀರು ಎಳೆದರೆ ಅದಕ್ಕೆ ತಾಕತ್ತಿಲ್ಲ.

ಸಿಡಿಯ ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಚಿತ್ರವಿರುವ ಬದಿಯನ್ನು ಮೇಜಿನ ಮೇಲೆ ಉಜ್ಜುವವರೇ ಜಾಸ್ತಿ. ಮಾಹಿತಿಯ ಪದರ ಇರುವುದು ಚಿತ್ರದ ಕೆಳಗೇ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಸೂಜಿ ತೂತಿನಂತೆ ಬೆಳಕು ಕಂಡರೆ ಆ ಪದರವೇ ಹೋಗಿದೆ. ಆಮೇಲೆ ಟೂತ್‌ಪೇಸ್ಟ್ ಹಚ್ಚಿದರೂ ಅಷ್ಟೇ, ದೇವರಿಗೆ ಹೇಳಿಕೊಂಡರೂ ಅಷ್ಟೇ.

ಕಾಪಿ ಸರಿಯಾಗಿ ಆಯ್ತು, ಸೆಟಪ್ ಮಾತ್ರ ಆಗಲಿಲ್ಲ ಅನ್ನಿ. ಮೊದಲು ಸಿ ಡ್ರೈವಿನಲ್ಲಿ ಜಾಗ ನೋಡಿ. ಗೇಮನ್ನು ಡಿ ಡ್ರೈವಿಗೆ ಹಾಕುತ್ತಿದ್ದರೂ ಸೆಟಪ್ ತನ್ನ ಗಂಟು ಬಿಚ್ಚುವುದು ಸಾಮಾನ್ಯವಾಗಿ ಸಿ ಡ್ರೈವಿನ ಟೆಂಪ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ. ಜಾಗ ಇದ್ದರೆ, ಸೆಟಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ನೋಡಿ.

1990ರ ದಶಕದ ಗೇಮ್ ಆದರೆ ಕಥೆಯೇ ಬೇರೆ. ಆಟ 32 ಬಿಟ್‌ನದ್ದಾದರೂ ಅದರ ಇನ್‌ಸ್ಟಾಲರ್ ಎಷ್ಟೋ ಸಲ ಅದಕ್ಕೂ ಹಿಂದಿನ ಪೀಳಿಗೆಯ 16 ಬಿಟ್‌ನದ್ದಿರುತ್ತದೆ. ಈಗಿನ 64 ಬಿಟ್ ವಿಂಡೋಸ್ ಸಾಮಾನ್ಯವಾಗಿ ಅಂಥದ್ದನ್ನು ಓಡಿಸುವುದಿಲ್ಲ. ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಬರುತ್ತದೆ. ಇನ್ನು 2000ದ ಆಚೀಚಿನ ಹಲವು ಡಿಸ್ಕುಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಬೀಗ ಇತ್ತು. ಅದಕ್ಕೆ ಬೇಕಾದ ಡ್ರೈವರ್ ಎಂಬ ಸಹಾಯಕ ಸಾಫ್ಟ್‌ವೇರಿನಲ್ಲಿ ಭದ್ರತೆಯ ದೋಷವಿದ್ದ ಕಾರಣ ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಿಂದ ಅದನ್ನು ಕೈಬಿಟ್ಟಿತು, ಹಳೆಯ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಮೂಲಕ ಬಂದ್ ಮಾಡಿತು. ಹಾಗಾಗಿ ಇಂಥ ಗೇಮ್ ಇನ್‌ಸ್ಟಾಲ್ ಆದರೂ ಐಕಾನ್ ಒತ್ತಿದರೆ ಸುಮ್ನೆ ಕೂತಿರುತ್ತದೆ. ಆಗ ಎಲ್ಲೆಲ್ಲಿಂದಲೋ ಬೀಗ ಮುರಿಯುವ ಕ್ರ್ಯಾಕ್ ಫೈಲ್ ಇಳಿಸಿ ವೈರಸ್ ತುಂಬಿಸಿಕೊಂಡು ಬರುವವರಿಗೆ ನಾನು ಬೈಯುತ್ತೇನೆ. ಜಿಒಜಿಯಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅದೇ ಹಳೇ ಆಟ ಬೀಗವಿಲ್ಲದೆ, ಹೊಸ ವಿಂಡೋಸಿಗೆ ಹೊಂದುವಂತೆ ಸಿಗುತ್ತದಾ ನೋಡಿ. ಸಿಕ್ಕರೆ ನನ್ನ ಬಿಲ್ಲಿಗಿಂತ ಅದೇ ಅಗ್ಗ ಬಿದ್ದೀತು.

ಇನ್ನೂ ಈಚಿನ ಡಿಸ್ಕನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ, ಡಬ್ಬಿಯೊಳಗಿನ ಕೀಯನ್ನು (ಗೇಮಿನ ಗುಪ್ತ ಸಂಖ್ಯೆ) ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಖಾತೆಗೆ ಹಾಕಿಯಾಗಿದೆಯೇ ಎಂದು ಮಾರುವವರನ್ನು ಕೇಳಿ. ಹಾಕಿದ್ದರೆ ಡಿಸ್ಕ್ ಎಷ್ಟೇ ಫಳಫಳ ಹೊಳೆಯಲಿ, ಆ ಆಟ ಅವರದ್ದೇ.