ಪೈ 5ರ ಮುಂದೆ ರಿಸ್ಕ್ ಓಎಸ್: ಮುಂದಿನ ಚಿಪ್ ಯಾವುದು?

ಶಿವಮೊಗ್ಗ, ಸಾಗರದ ಕಡೆ ರಿಸ್ಕ್ ಓಎಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರು ಬೆರಳೆಣಿಕೆಯಷ್ಟು ಮಂದಿ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೂ ಅದನ್ನು ನಡೆಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಒಂದೇ ಬೋರ್ಡಿನ ಕಂಪ್ಯೂಟರ್ ಇನ್ವರ್ಟರ್ ಮೇಲೆ ಗಂಟೆಗಟ್ಟಲೆ ಓಡುತ್ತದೆ. ಈ ಆಪರೇಟಿಂಗ್ ಸಿಸ್ಟಂ ಕೆಲವೇ ಸೆಕೆಂಡುಗಳಲ್ಲಿ ತೆರೆದುಕೊಳ್ಳುತ್ತದೆ. ಎಫ್12 ಕೀಲಿ ಒತ್ತಿ ‘ಬೇಸಿಕ್’ ಎಂದು ಟೈಪಿಸಿದರೆ ಸಾಕು, ಮಕ್ಕಳು ಆ ಸರಳ ಭಾಷೆಯಲ್ಲಿ ಅಲ್ಲೇ ಪ್ರೋಗ್ರಾಂ ಬರೆಯಲು ಕೂರಬಹುದು. ಆದರೆ ಅದೇ ಬೋರ್ಡಿನ ಹೊಸ ಮಾದರಿಯಾದ ಪೈ 5 ಕೊಂಡು ತಂದವರಿಗೆ ರಿಸ್ಕ್ ಓಎಸ್ ನೇರವಾಗಿ ನಡೆಯುವುದಿಲ್ಲ.

1985ರಲ್ಲಿ ಬ್ರಿಟನ್ನಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ ಆರ್ಮ್ ಚಿಪ್ ಹುಟ್ಟಿತು. 1987ರಲ್ಲಿ ಆ ಚಿಪ್ಪಿನ ಆರ್ಕಿಮಿಡೀಸ್ ಕಂಪ್ಯೂಟರ್ ಬಂತು; ಏಕಾರ್ನ್ ರಿಸ್ಕ್ ಓಎಸ್ ಮಾಡಿದ್ದು ಅದಕ್ಕಾಗಿಯೇ. 1998ರಲ್ಲಿ ಏಕಾರ್ನ್ ಡೆಸ್ಕ್‌ಟಾಪ್ ವ್ಯವಹಾರದಿಂದಲೇ ಹಿಂದೆ ಸರಿಯಿತು. ಮೆಮೊರಿ ತುಟ್ಟಿಯಾಗಿದ್ದ ಆರ್ಕಿಮಿಡೀಸ್ ಕಾಲದಲ್ಲಿ ರಿಸ್ಕ್ ಓಎಸ್‌ನ ಬಹುಭಾಗವನ್ನು ಆರ್ಮ್ ಅಸೆಂಬ್ಲಿಯಲ್ಲೇ, ಅಂದರೆ ಆ ಚಿಪ್ಪಿನ ಆದೇಶಗಳನ್ನೇ ಒಂದೊಂದಾಗಿ ಬರೆಯುವ ಭಾಷೆಯಲ್ಲೇ, ಬರೆದರು. ವೇಗ ಬಂದದ್ದು ಅದರಿಂದ, ಇಂದಿನ ತೊಡಕೂ ಅದರಿಂದಲೇ.

ದೊಡ್ಡ ಪೆಟ್ಟು ಬಿದ್ದದ್ದು 2002ರಲ್ಲಿ. ಹಳೆಯ ಆರ್ಮ್‌ನಲ್ಲಿ ಆರ್15 ಎಂಬ ಒಂದೇ ರಿಜಿಸ್ಟರು (ಚಿಪ್ಪಿನೊಳಗೆ ಸಂಖ್ಯೆ ಇಡುವ ಪುಟ್ಟ ಗೂಡು) ಎರಡು ಹೊರೆ ಹೊರುತ್ತಿತ್ತು: ನಡೆಸಬೇಕಾದ ಆದೇಶದ ವಿಳಾಸವೂ ಅದರಲ್ಲೇ, ಹಿಂದಿನ ಲೆಕ್ಕದ ಫಲ ಸೊನ್ನೆಯೋ ಋಣವೋ ಎಂಬ ಗುರುತುಗಳೂ ಅದರಲ್ಲೇ. ಹಾಗಾಗಿ ವಿಳಾಸಕ್ಕೆ ದಕ್ಕಿದ್ದು 26 ಬಿಟ್. 64 ಎಂಬಿಯ ಆಚೆ ಪ್ರೋಗ್ರಾಂ ಇಡುವಂತಿರಲಿಲ್ಲ. ಆ ವರ್ಷ ರಿಸ್ಕ್ ಓಎಸ್‌ಗೆಂದು ಬಂದ ಐಯೋನಿಕ್ಸ್ ಕಂಪ್ಯೂಟರಿಗೆ ಆರಿಸಿದ ಆರ್ಮ್ ಮಾದರಿಯ ಇಂಟೆಲ್ ಎಕ್ಸ್‌ಸ್ಕೇಲ್ ಚಿಪ್ಪಿನಲ್ಲಿ ಈ ಪದ್ಧತಿಯೇ ಇರಲಿಲ್ಲ. ಸಬ್‌ರುಟೀನಿನಿಂದ (ಪ್ರೋಗ್ರಾಂ ನಡುವೆ ಕರೆಯುವ ಉಪಭಾಗದಿಂದ) ಮರಳುವಾಗ ಗುರುತುಗಳನ್ನೂ ಒಟ್ಟಿಗೆ ಹಿಂತಿರುಗಿಸುತ್ತಿದ್ದ ಸಾಲುಗಳನ್ನೆಲ್ಲ ಹುಡುಕಿ ಹುಡುಕಿ ತಿದ್ದಿದರು. ಮೆಚ್ಚಲೇಬೇಕಾದ ಸಾಹಸ. ಆದರೆ ಅಸೆಂಬ್ಲಿ ಅಸೆಂಬ್ಲಿಯಾಗಿಯೇ ಉಳಿಯಿತು. ಅಷ್ಟು ಕೋಡನ್ನು ಬಿಚ್ಚಿ ನೋಡಿದ ಹೊತ್ತಿನಲ್ಲೇ ಒಂದಷ್ಟನ್ನು, ಬೇರೆ ಬೇರೆ ಚಿಪ್‌ಗಳಿಗೆ ಹೊಂದಿಸಬಹುದಾದ ಸಿ ಭಾಷೆಗೆ ತಿರುಗಿಸಿದ್ದರೆ ಇಂದು ಅರ್ಧ ದಾರಿ ಸವೆದಿರುತ್ತಿತ್ತು. ಕೆಲಸಕ್ಕೆ ಜನವೂ ಕಡಿಮೆ, ಹಣವೂ ಕಡಿಮೆ; ಸಾಲದ್ದಕ್ಕೆ ರಿಸ್ಕ್ ಓಎಸ್ ಆಗಲೇ ಎರಡು ಕವಲಾಗಿತ್ತು.

2012ರಲ್ಲಿ ಅಗ್ಗದ ಪೈ ಬಂದು ಜೀವ ತುಂಬಿತು. 2018ರಲ್ಲಿ ಮೂಲ ಕೋಡ್ ಅಪಾಚೆ ಪರವಾನಗಿಯಡಿ ಮುಕ್ತವಾಯಿತು.

2023ರ ಪೈ 5ರಲ್ಲಿರುವ ಕಾರ್ಟೆಕ್ಸ್ ಎ76 ಕೋರ್ 32 ಬಿಟ್ ಆದೇಶಗಳನ್ನು ಸಾಮಾನ್ಯ ಅಪ್ಲಿಕೇಶನ್‌ಗಳಿಗಷ್ಟೇ ಒಪ್ಪುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 64 ಬಿಟ್ಟಿನದೇ ಆಗಬೇಕು. ರಿಸ್ಕ್ ಓಎಸ್‌ನಲ್ಲಿ 32 ಬಿಟ್ಟಿನ ಕರ್ನಲ್ಲಿನ ಜೊತೆಗೆ ಮಾಡ್ಯೂಲ್‌ಗಳೆಂಬ ಅದರ ಬಿಡಿ ಭಾಗಗಳೂ ಅದೇ ಮೇಲಿನ ಅಧಿಕಾರದಲ್ಲಿ ನಡೆಯುವುದರಿಂದ ಇಡೀ ತಳಪಾಯವೇ ಸಿಕ್ಕಿಬಿದ್ದಿದೆ. ಇನ್ನೂ ಹೊಸ ಕೆಲವು ಕೋರ್‌ಗಳು 32 ಬಿಟ್ಟನ್ನು ಪೂರ್ತಿ ಕೈಬಿಟ್ಟಿವೆ.

ಪೈ 4ರಲ್ಲೇ ನಿಲ್ಲೋಣ ಎನ್ನುವವರಿದ್ದಾರೆ. ಆ ಬೋರ್ಡ್ ಸಿಗುವವರೆಗೆ ಮಾತ್ರ ಅದು ಸರಿ. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಮೇಲೆ ಎಮ್ಯುಲೇಟರ್ (ಹಳೆಯ ಯಂತ್ರದಂತೆ ನಟಿಸುವ ಪ್ರೋಗ್ರಾಂ) ಹಾಕಿದರೆ ಹಳೆಯ ಪ್ರೋಗ್ರಾಂಗಳು ಉಳಿಯುತ್ತವೆ, ಆದರೆ ಮೊದಲು ಲಿನಕ್ಸ್ ಏಳುವವರೆಗೆ ಕಾಯಬೇಕು. ಕರ್ನಲ್ಲಿನಿಂದ ಹಿಡಿದು ಎಲ್ಲವನ್ನೂ ಸಿ ಭಾಷೆಯಲ್ಲಿ ಮತ್ತೆ ಬರೆಯಲು ವರ್ಷಗಳೇ ಬೇಕು, ಹಳೆಯ ಅಸೆಂಬ್ಲಿ ಪ್ರೋಗ್ರಾಂಗಳಿಗೆ ಆಗಲೂ ಎಮ್ಯುಲೇಟರ್ ತಪ್ಪದು. ಆದರೂ ಅದನ್ನು ಮಾಡಿದರೆ ಮುಂದೆ ರಿಸ್ಕ್-ವಿ ಎಂಬ ಮುಕ್ತ ವಿನ್ಯಾಸದ ಚಿಪ್ ಬಂದರೂ ಮತ್ತೊಂದು ಚಿಪ್ ಬಂದರೂ ಬುಡದಿಂದ ಬರೆಯುವ ಪಾಡು ಮರುಕಳಿಸುವುದಿಲ್ಲ. ಈಗ ಚರ್ಚೆ ನಡೆಯಬೇಕಾದದ್ದು ಯಾವ ಮಾಡ್ಯೂಲನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದರ ಮೇಲೆ.

ಮಕ್ಕಳಿಗೆಂದು ಸದ್ಯ ಕೊಳ್ಳುವವರು ಪೈ 4 ಅಥವಾ ಕೀಬೋರ್ಡಿನೊಳಗೇ ಕಂಪ್ಯೂಟರ್ ಇರುವ ಪೈ 400 ಕೊಳ್ಳಲಿ. ಸಿ ಬಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಶಿವಮೊಗ್ಗದಲ್ಲಿ ಬೇಕಾದಷ್ಟಿದ್ದಾರೆ, ಕೋಡ್ ಎಲ್ಲರಿಗೂ ತೆರೆದಿದೆ. ಸಣ್ಣದೊಂದು ಮಾಡ್ಯೂಲ್ ಹಿಡಿದು ಇಲ್ಲಿಂದಲೇ ಶುರುಮಾಡಬಹುದು.